ಆಗುಂಬೆ ಇಳಿದು ಉಡುಪಿಗೆ: ಜೋಡಿ ಸೈಕಲ್ ಪ್ರವಾಸದಲ್ಲಿ ಇಡೀ ದಿನ ಮಳೆಯಾದರೆ

ಜೋಡಿಗಾಲಿ:
ನಮಸ್ಕಾರ. ಜುಲೈ ಮೂರನೇ ವಾರ ಇಬ್ಬರು ಎರಡು ಸೈಕಲ್ಲಿನಲ್ಲಿ ಶಿವಮೊಗ್ಗದಿಂದ ಉಡುಪಿಗೆ ಹೊರಡುವುದು ಎಂದಿದೆ. ಮೊದಲ ದಿನ ತೀರ್ಥಹಳ್ಳಿಯಲ್ಲಿ ವಸ್ತಿ. ಎರಡನೇ ದಿನ ಆಗುಂಬೆ, ಸೋಮೇಶ್ವರ, ಹೆಬ್ರಿ ದಾಟಿ ಉಡುಪಿ, ಹತ್ತಿರ ಹತ್ತಿರ 90 ಕಿ.ಮೀ. ಪುನರ್ವಸು ಮುಗಿದು ಪುಷ್ಯ ಮಳೆ ಹಿಡಿಯುವ ಹೊತ್ತು, ಹಾಗಾಗಿ ಎರಡನೇ ದಿನ ಪೂರ್ತಿ ಮಳೆ ಎಂದೇ ಲೆಕ್ಕ ಹಾಕಿದ್ದೇವೆ.

ಮೊದಲನೇ ಸೈಕಲ್: 700×38 ಟೈರು, ಮೆಕ್ಯಾನಿಕಲ್ (ಕೇಬಲ್ ಎಳೆಯುವ) ಡಿಸ್ಕ್ ಬ್ರೇಕ್. ಎರಡನೆಯದು: 26×1.75 ಟೈರು, ವಿ-ಬ್ರೇಕ್ (ರಿಮ್ಮಿನ ಎರಡೂ ಪಕ್ಕೆಗೆ ಪ್ಯಾಡು ಒತ್ತುವ ಬಗೆ). ತಲಾ 12 ಕೆ.ಜಿ. ಸಾಮಾನು, ಹಿಂದಿನ ಕ್ಯಾರಿಯರ್‌ಗೆ ಪ್ಯಾನಿಯರ್ (ಎರಡೂ ಬದಿಗೆ ನೇತುಹಾಕುವ ಚೀಲ). ವಿ-ಬ್ರೇಕ್ ಸೈಕಲ್ಲನ್ನು ಮಳೆಯಲ್ಲಿ ಘಾಟಿ ಇಳಿಸಬಹುದೇ? ರೈನ್‌ಕೋಟ್ ಯಾವುದು? ಒಂದೇ ದಿನಕ್ಕೆ ಇಷ್ಟು ದೂರ ಆಗುತ್ತದೆಯೇ?

ತುಂಗೆದಡ:
ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳ್ತೀನಿ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. 90 ಕಿ.ಮೀ. ಬೇಡಿ. ಒಣ ರಸ್ತೆಯಲ್ಲಿ ಗಂಟೆಗೆ 16 ಕಿ.ಮೀ. ಹೋಗುವ ಜೋಡಿ ಪುಷ್ಯ ಮಳೆಯಲ್ಲಿ 11, ಬಹಳ ಆದರೆ 12 ಹೋಗುತ್ತೆ. ಅದರ ಮೇಲೆ ನಿಲ್ಲುವ ಸಮಯ. ಒಬ್ಬರೇ ಇದ್ದರೆ ಒಬ್ಬರ ನಿಲುಗಡೆ. ಇಬ್ಬರಿದ್ದರೆ ಒಬ್ಬರ ಕನ್ನಡಕ ಮಂಜಾಯ್ತು, ಇನ್ನೊಬ್ಬರ ಚೀಲದ ಪಟ್ಟಿ ಸಡಿಲಾಯ್ತು ಅಂತ ನಿಲುಗಡೆ ಎರಡರಷ್ಟಾಗುತ್ತೆ. ಬೆಳಿಗ್ಗೆ 7ಕ್ಕೆ ಹೊರಟರೂ ಉಡುಪಿ ಮುಟ್ಟೋ ಹೊತ್ತಿಗೆ ಸಂಜೆ ಆಗಿಬಿಡುತ್ತೆ.

ಹೀಗೆ ಮಾಡಿ. ಎರಡನೇ ದಿನ ತೀರ್ಥಹಳ್ಳಿಯಿಂದ ಮೇಗರವಳ್ಳಿ ಮೇಲೆ ಆಗುಂಬೆಗೆ, 35 ಕಿ.ಮೀ. ಒಳಗೇ ಆಗುತ್ತೆ. ಮಧ್ಯಾಹ್ನದೊಳಗೆ ಮುಟ್ಟಿ ಅಲ್ಲೇ ಉಳಿಯಿರಿ. ಮೂರನೇ ದಿನ ಘಾಟಿ ಇಳಿದು ಉಡುಪಿ, ಸುಮಾರು 55 ಕಿ.ಮೀ. ಘಾಟಿಯನ್ನು ದಣಿದ ಕೈಯಲ್ಲಿ ಇಳಿಯಬಾರದು, ಬೆಳಗಿನ ಕೈಯಲ್ಲಿ ಇಳಿಯಬೇಕು. ಬ್ರೇಕ್ ಹಿಡಿದು ಹಿಡಿದು ಬೆರಳು ಸೋಲುತ್ತೆ ಕಣ್ರೀ, ಒದ್ದೆಯಲ್ಲಿ ಇನ್ನೂ ಬೇಗ.

ಹಿಂದಿನ ರಾತ್ರಿ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ. 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಆದರೆ ಅವರ ಭಾಷೆಯಲ್ಲಿ ಭಾರಿ ಮಳೆ, 115.6ರಿಂದ 204.4ರವರೆಗೆ ಅತಿ ಭಾರಿ, ಅದಕ್ಕೂ ಮೇಲೆ ಅತ್ಯಂತ ಭಾರಿ. ಆಗುಂಬೆಯ ವಾರ್ಷಿಕ ಸರಾಸರಿ 7,000 ಮಿ.ಮೀ. ಮೀರುತ್ತೆ, ಅದರಲ್ಲಿ ಜುಲೈ ಪಾಲೇ ದೊಡ್ಡದು. ಹಾಗಾಗಿ ‘ಭಾರಿ’ ಅನ್ನೋದು ಇಲ್ಲಿ ಮಾಮೂಲಿ ದಿನ, ಜಾಗರೂಕತೆಯಿಂದ ಹೋಗಬಹುದು. ಕಿತ್ತಳೆ ಎಚ್ಚರಿಕೆ ಇದ್ದರೆ ಘಾಟಿ ಬೇಡ. ಕೆಂಪು ಇದ್ದರೆ ಕೋಣೆಯಿಂದಲೇ ಹೊರಡಬೇಡಿ. ಧರೆ ಕುಸಿದಾಗ ಆಗುಂಬೆಯಲ್ಲಿ ಭಾರಿ ವಾಹನ ನಿಲ್ಲಿಸುತ್ತಾರೆ. ಆಗ ಬಾಳೆಬರೆ ಘಾಟಿ ಇದೆಯಲ್ಲ ಅಂತ ಆ ಕಡೆ ತಿರುಗಬೇಡಿ, ಲಾರಿಗಳೂ ಅಲ್ಲಿಗೇ ತಿರುಗಿರುತ್ತವೆ.

ಹಳೇಚೈನು:
ವಿ-ಬ್ರೇಕ್ ಪ್ರಶ್ನೆಗೆ: ಇಳಿಸಬಹುದು, ಆದರೆ ಪ್ಯಾಡು ಮತ್ತು ರಿಮ್ಮು ಎರಡನ್ನೂ ನೋಡಿದ ಮೇಲೆ.

ಒದ್ದೆ ರಿಮ್ಮಿನಲ್ಲಿ ಲಿವರ್ ಒತ್ತಿದ ಕೂಡಲೇ ಏನೂ ಆಗುವುದಿಲ್ಲ. ಪ್ಯಾಡು ಮೊದಲು ನೀರು ಒರೆಸಬೇಕು. ಚಕ್ರ ಒಂದೆರಡು ಸುತ್ತು ಸುತ್ತಿದ ಮೇಲೆ ಹಿಡಿತ ಬರುತ್ತದೆ. 26 ಇಂಚಿನ ಚಕ್ರದ ಸುತ್ತಳತೆ ಸುಮಾರು 2 ಮೀಟರ್, ಅಂದರೆ 4 ಮೀಟರ್ ಬ್ರೇಕೇ ಇಲ್ಲದೆ ಹೋಗುತ್ತದೆ. ಈ 4 ಮೀಟರ್‌ಗಿಂತ ಆಮೇಲಿನದ್ದು ಅಪಾಯ. ಹಿಡಿಯುತ್ತಿಲ್ಲ ಎಂದು ಗಾಬರಿಯಲ್ಲಿ ಇನ್ನೂ ಗಟ್ಟಿಯಾಗಿ ಒತ್ತಿರುತ್ತೀರಿ. ರಿಮ್ಮು ಒಣಗಿದ ಕ್ಷಣ ಹಿಡಿತ ಒಮ್ಮೆಲೇ ಬಂದು ಮುಂದಿನ ಚಕ್ರ ಜಾರುತ್ತದೆ. ಅದಕ್ಕೆ ತಿರುವಿಗೆ 30 ಮೀಟರ್ ಮೊದಲೇ ಲಿವರ್ ಹಗುರವಾಗಿ ತಾಗಿಸಿ ರಿಮ್ಮು ಒರೆಸಿಕೊಳ್ಳಿ. ವೇಗ ಇಳಿಸುವುದೆಲ್ಲ ನೇರ ರಸ್ತೆಯಲ್ಲೇ ಮುಗಿಯಬೇಕು. ತಿರುವಿನ ಒಳಗೆ ಬ್ರೇಕ್ ಬಿಡಿ.

ಹೊರಡುವ ಮೊದಲು:
ಪ್ಯಾಡ್ ಕಳಚಿ ನೋಡಿ. ಗೀರು 2 ಮಿ.ಮೀ.ಗಿಂತ ಕಡಿಮೆ ಆಳ ಉಳಿದಿದ್ದರೆ ಬದಲಾಯಿಸಿ. ಮೈಯಲ್ಲಿ ಹೊಳೆಯುವ ಅಲ್ಯೂಮಿನಿಯಂ ಚೂರು ಸಿಕ್ಕಿಕೊಂಡಿದ್ದರೆ ಪಿನ್ನಿನಿಂದ ಕಿತ್ತು ತೆಗೆಯಿರಿ, ಬಿಟ್ಟರೆ ರಿಮ್ಮನ್ನು ಕೊರೆಯುತ್ತದೆ. ಮಳೆಗೆ ಕೂಲ್‌ಸ್ಟಾಪ್ ಕಂಪನಿಯ ಸಾಲ್ಮನ್ (ನಸುಗೆಂಪು) ಬಣ್ಣದ ಪ್ಯಾಡು ಒಳ್ಳೆಯದು, ಒದ್ದೆಯಲ್ಲಿ ಮಾಮೂಲಿ ಕಪ್ಪು ಪ್ಯಾಡಿಗಿಂತ ಬೇಗ ಕಚ್ಚುತ್ತದೆ. ಕೂರಿಸುವಾಗ ಪ್ಯಾಡಿನ ಹಿಂದಿನ ತುದಿಗೆ ಮಡಚಿದ ವಿಸಿಟಿಂಗ್ ಕಾರ್ಡ್ ಸಿಕ್ಕಿಸಿ ಬಿಗಿ ಮಾಡಿ, ಮುಂದಿನ ತುದಿ ಸುಮಾರು 1 ಮಿ.ಮೀ. ಮೊದಲು ತಾಗುವ ಹಾಗೆ. ಕಿರುಚಾಟ ಹೋಗುತ್ತದೆ. ರಿಮ್ಮಿನ ಪಕ್ಕೆಗೆ ಸ್ಕೇಲ್ ಇಟ್ಟು ನೋಡಿ, ನಡುವೆ ತಗ್ಗು ಕಂಡರೆ ಗೋಡೆ ಸವೆದಿದೆ. ಅಂಥ ರಿಮ್ಮಿನಲ್ಲಿ ಆಗುಂಬೆ ಇಳಿಯಲೇಬೇಡಿ, ಟೈರಿನ ಒತ್ತಡಕ್ಕೆ ಒಡೆಯಬಹುದು.

ಒದ್ದೆಕಾಲು:
ಡಿಸ್ಕ್ ಇರುವವರು ನಿಶ್ಚಿಂತರಾಗಿ ಇರಬಹುದು ಅಂತ ಯಾರೂ ತಿಳಿಯಬಾರದು, ಹಾಗಾಗಿ ಒಂದು ಮಾತು ಸೇರಿಸುತ್ತೇನೆ. ರೆಸಿನ್ ಪ್ಯಾಡು ಕೆಂಪು ಮಣ್ಣಿನ ನೀರಿನಲ್ಲಿ ಮರಳುಕಾಗದಕ್ಕೆ ಉಜ್ಜಿದ ಹಾಗೆ ಸವೆಯುತ್ತದೆ. ಕೆಸರಿನ ಒಂದೇ ದಿನದಲ್ಲಿ ಹೊಸ ಜೋಡಿ ಅರ್ಧಕ್ಕೆ ಬಂದರೂ ಆಶ್ಚರ್ಯವಿಲ್ಲ. ಪದರ 0.5 ಮಿ.ಮೀ.ಗೆ ಇಳಿದರೆ ಕಳಚಬೇಕು. ಸಿಂಟರ್ಡ್ ಲೋಹದ ಪ್ಯಾಡು ಹೆಚ್ಚು ಬಾಳುತ್ತದೆ, ಆದರೆ ನಿಮ್ಮ ರೋಟರ್ (ಬ್ರೇಕಿನ ತಟ್ಟೆ) ಮೇಲೆ ‘ರೆಸಿನ್ ಪ್ಯಾಡ್ ಮಾತ್ರ’ ಅಂತ ಅಚ್ಚು ಇದೆಯೇ ನೋಡಿ. ಇದ್ದರೆ ಲೋಹದ ಪ್ಯಾಡು ಹಾಕಬೇಡಿ, ರೋಟರ್ ತಿನ್ನುತ್ತದೆ.

ಮೆಕ್ಯಾನಿಕಲ್ ಡಿಸ್ಕ್ ಹೈಡ್ರಾಲಿಕ್ ಹಾಗೆ ತಾನೇ ಹೊಂದಿಕೊಳ್ಳುವುದಿಲ್ಲ. ಪ್ಯಾಡು ಸವೆದಷ್ಟೂ ಲಿವರ್ ಹ್ಯಾಂಡಲ್ ಹತ್ತಿರ ಬರುತ್ತದೆ. ಹೊರಗಿನ ಪ್ಯಾಡು ಮಾತ್ರ ಚಲಿಸುವ ಬಗೆಯಾದರೆ ಒಳಗಿನ ಪ್ಯಾಡಿನ ತಿರುಪನ್ನು ಒಂದೊಂದೇ ಕ್ಲಿಕ್ ರೋಟರ್ ಕಡೆಗೆ ತಿರುಗಿಸಿ, ಆಮೇಲೆ ಉಳಿದದ್ದನ್ನು ಕೇಬಲ್‌ನಲ್ಲಿ ಸರಿಮಾಡಿ. ಎಲ್ಲವನ್ನೂ ಕೇಬಲ್‌ನಲ್ಲೇ ಎಳೆದರೆ ಕ್ಯಾಲಿಪರ್‌ನ (ಪ್ಯಾಡುಗಳನ್ನು ಹಿಡಿದಿರುವ ಭಾಗ) ತೋಳು ಮೊದಲೇ ಅರ್ಧ ತಿರುಗಿರುತ್ತದೆ, ಬಲ ಸಾಲುವುದಿಲ್ಲ. ಈ ಕೆಲಸ ಘಾಟಿಯ ತಲೆಯಲ್ಲಿ ಒಮ್ಮೆ, ಸೋಮೇಶ್ವರದಲ್ಲಿ ಒಮ್ಮೆ. ಚೈನಿನ ಎಣ್ಣೆ ಸ್ಪ್ರೇ ಡಬ್ಬಿಯಲ್ಲಿ ತರಬೇಡಿ, ಒಂದು ತುಂತುರು ರೋಟರ್ ಮೇಲೆ ಬಿದ್ದರೆ ಪ್ಯಾಡು ಹಾಳು.

ಹಳೇಚೈನು:
ಒದ್ದೆಕಾಲು ಅವರು ಹೇಳಿದ್ದು ಸರಿ. ಘಾಟಿಯ ಲೆಕ್ಕ ಒಂದು ಕೊಡುತ್ತೇನೆ. ಒಬ್ಬ ಸವಾರ, ಸೈಕಲ್, ಸಾಮಾನು ಸೇರಿ 95 ಕೆ.ಜಿ. ಅಂದುಕೊಳ್ಳಿ, 500 ಮೀಟರ್ ಇಳಿತ. 95 × 9.8 × 500, ಅಂದರೆ ಸುಮಾರು 4.65 ಲಕ್ಷ ಜೂಲ್. ಒಂದು ಲೀಟರಿಗೂ ಹೆಚ್ಚು ನೀರು ಕುದಿಸುವಷ್ಟು ಶಾಖ. ನಿಧಾನವಾಗಿ ಇಳಿದರೆ ಗಾಳಿಯ ಪಾಲು ಕಡಿಮೆ, ಬಹುಪಾಲು ಬ್ರೇಕಿಗೇ ಬರುತ್ತದೆ. ಮಳೆ ತಣಿಸುತ್ತದೆ ನಿಜ, ಆದರೂ ಸತತವಾಗಿ ಉಜ್ಜಿಕೊಂಡು ಇಳಿಯಬಾರದು. ಮುಂದೆ ಹಿಂದೆ ಎರಡೂ ಬ್ರೇಕ್, ಎರಡು ಮೂರು ಸೆಕೆಂಡು ಹಿಡಿ, ಬಿಡು.

ಒಂದೇ ಸೈಕಲ್ಲಿನಲ್ಲಿ ಇಬ್ಬರು ತುಳಿಯುವ ಟ್ಯಾಂಡಮ್ ತರುವವರು ಈ ಲೆಕ್ಕವನ್ನು ಹತ್ತಿರ ಹತ್ತಿರ ಎರಡರಿಂದ ಗುಣಿಸಿಕೊಳ್ಳಲಿ, ಚಕ್ರ ಮಾತ್ರ ಎರಡೇ. 203 ಮಿ.ಮೀ. ರೋಟರ್ ಇಲ್ಲದ ಟ್ಯಾಂಡಮ್ ಅನ್ನು ಆಗುಂಬೆಯಲ್ಲಿ ನಾನಂತೂ ಶಿಫಾರಸು ಮಾಡುವುದಿಲ್ಲ.

ಒದ್ದೆಕಾಲು:
ಬಟ್ಟೆ. ಇಲ್ಲಿ ಅಭಿಪ್ರಾಯ ಬೇರೆ ಬೇರೆ ಬರುತ್ತದೆ, ನನ್ನದು ಇದು: ಏರುವಾಗ ನೆನೆಯಿರಿ, ಇಳಿಯುವಾಗ ಮುಚ್ಚಿಕೊಳ್ಳಿ. ಇಪ್ಪತ್ತು ಇಪ್ಪತ್ತೆರಡು ಡಿಗ್ರಿಯಲ್ಲಿ ತುಳಿಯುತ್ತಾ ರೈನ್‌ಕೋಟ್ ಹಾಕಿದರೆ ಹೊರಗಿನ ನೀರಿನ ಬದಲು ಒಳಗಿನ ಬೆವರಿನಲ್ಲಿ ನೆನೆಯುತ್ತೀರಿ. ತುಳಿತ ನಿಂತ ಕೂಡಲೇ ಅದೇ ಬೆವರು ಚಳಿ ಹಿಡಿಸುತ್ತದೆ. ಮೈಗೆ ತಾಗುವ ಪದರ ಮೆರಿನೋ ಉಣ್ಣೆ ಅಥವಾ ಪಾಲಿಯೆಸ್ಟರ್. ಹತ್ತಿ ಬೇಡವೇ ಬೇಡ, ನೀರು ಹಿಡಿದುಕೊಳ್ಳುತ್ತದೆ. ಮಲೆನಾಡಿನಲ್ಲಿ ಗದ್ದೆ ನಾಟಿಗೆ ಹಾಕುವ ಗೊರಬು, ಕಂಬಳಿಕೊಪ್ಪೆ ಎರಡರಲ್ಲೂ ಇದೇ ತಿಳಿವಳಿಕೆ ಇದೆ. ಗೊರಬು ಬೆನ್ನಿಗೆ ಅಂಟುವುದಿಲ್ಲ, ಒಳಗೆ ಗಾಳಿ ಆಡುತ್ತದೆ. ಕಂಬಳಿ ನೆಂದರೂ ಬೆಚ್ಚಗೆ ಇಡುತ್ತದೆ.

ಜಾಕೆಟ್ ಕೊಳ್ಳುವಾಗ ನೋಡಬೇಕಾದ್ದು: ಕಂಕುಳ ಕೆಳಗೆ ಜಿಪ್, ಬೆನ್ನು ಮುಂದಿಗಿಂತ ಉದ್ದ, ಹಳದಿ ಅಥವಾ ಕಿತ್ತಳೆ ಬಣ್ಣ. ಬೈಕಿನವರು ಹಾಕುವ ದಪ್ಪ ರೈನ್‌ಕೋಟಿನ ಪ್ಯಾಂಟು ಚೈನಿಗೆ ಸಿಕ್ಕುತ್ತದೆ, ತೊಡೆಯನ್ನೂ ಉಜ್ಜುತ್ತದೆ. ಒದ್ದೆ ಚಡ್ಡಿಯಲ್ಲಿ ಗಂಟೆಗಟ್ಟಲೆ ಕೂರಬೇಕಾದ್ದರಿಂದ ತೊಡೆಸಂದಿಗೆ ಪೆಟ್ರೋಲಿಯಂ ಜೆಲ್ಲಿ ಬೆಳಿಗ್ಗೆಯೇ ಹಚ್ಚಿ, ಮಧ್ಯಾಹ್ನ ಮತ್ತೊಮ್ಮೆ. ಶೂ ಒಳಗೆ ನೀರು ಹೋಗದಂತೆ ತಡೆಯಲು ಆಗುವುದಿಲ್ಲ, ಕಾಲಿನ ಮೇಲಿಂದಲೇ ಇಳಿದು ಬರುತ್ತದೆ. ನೀರು ಹೊರಗೆ ಹೋಗುವ ಪಟ್ಟಿ ಚಪ್ಪಲಿ, ಉಣ್ಣೆ ಕಾಲುಚೀಲ ಸಾಕು. ಪೋಂಚೋ ಘಾಟಿಯಲ್ಲಿ ಹಾಯಿಯ ಹಾಗೆ ಉಬ್ಬುತ್ತದೆ, ಬೇಡ.

ಪಡುಬದಿ:
ಉಡುಪಿ ಕಡೆಯವನಾಗಿ ಹೇಳ್ತೇನೆ. ನೀವು ಘಾಟಿಗೆ ಹಾಕಿದ ಜಾಕೆಟ್ ಸೋಮೇಶ್ವರದಲ್ಲಿ ತೆಗೀಲೇಬೇಕು ಮಾರಾಯ್ರೆ. ಕೆಳಗೆ ಸೆಕೆ ಬೇರೆ ಉಂಟು. ಮಳೆ ಹೊಯ್ದ ಹಾಗೆ ಹೊಯ್ದು ಹತ್ತು ನಿಮಿಷ ಬಿಡ್ತದೆ, ಕೂಡಲೇ ಬೆವರು. ಜಾಕೆಟ್ ಮಡಚಿ ಪ್ಯಾನಿಯರ್ ಮೇಲಿನ ಬಲೆಗೆ ಸಿಕ್ಕಿಸಿ, ಒಳಗೆ ಒಣ ಬಟ್ಟೆಯ ಜೊತೆ ತುರುಕಬೇಡಿ.

ಹೆಬ್ರಿಯಿಂದ ಪೆರ್ಡೂರು, ಹಿರಿಯಡಕ, ಪರ್ಕಳ, ಮಣಿಪಾಲ. ಏರು ಇಳಿತ ಇದೆ, ಕಷ್ಟದ್ದೇನಲ್ಲ. ಈ ದಾರಿಯಲ್ಲಿ ಜಾರುವುದು ನೀರಿನಿಂದ ಅಲ್ಲ, ಪಾಚಿಯಿಂದ. ಮರದ ನೆರಳಿನ ಕಾಂಕ್ರೀಟ್ ಅಂಚು ಹಸಿರಾಗಿದ್ದರೆ ಅಲ್ಲಿ ಚಕ್ರ ಇಡ್ಬೇಡಿ. ಬಿಳಿ ಪಟ್ಟೆ, ಸೇತುವೆಯ ಕಬ್ಬಿಣದ ಸಂದು, ಕಾಮನಬಿಲ್ಲಿನ ಬಣ್ಣದ ಡೀಸೆಲ್ ಕಲೆ, ಇವಿಷ್ಟನ್ನೂ ಹ್ಯಾಂಡಲ್ ತಿರುಗಿಸದೆ, ಬ್ರೇಕ್ ಮುಟ್ಟದೆ ನೇರ ದಾಟಿ. ನೀರು ನಿಂತ ಗುಂಡಿಯ ಆಳ ಮೇಲಿಂದ ಗೊತ್ತಾಗುವುದಿಲ್ಲ, ಎದುರು ಹೋದ ವಾಹನದ ಚಕ್ರ ಎಷ್ಟು ಇಳಿಯಿತು ನೋಡಿ. ಮಣಿಪಾಲದಿಂದ ಇಂದ್ರಾಳಿ ಕಡೆ ಇಳಿಜಾರು, ವಾಹನ ಜಾಸ್ತಿ. ಅಷ್ಟು ಹೊತ್ತಿಗೆ ಪ್ಯಾಡು ಸವೆದಿರ್ತದೆ, ಊರು ಬಂತು ಅಂತ ಸಡಿಲ ಬಿಡ್ಬೇಡಿ.

ಜೋಡಿಗಾಲಿ:
ಎಲ್ಲರಿಗೂ ಧನ್ಯವಾದ. ಆಗುಂಬೆಯಲ್ಲಿ ಉಳಿಯುವುದು ಖಾತ್ರಿ. ಇಬ್ಬರ ನಡುವೆ ಎಷ್ಟು ಅಂತರ ಇರಬೇಕು? ಮಳೆಯ ಸದ್ದಿನಲ್ಲಿ ಕೂಗಿದರೂ ಕೇಳುವುದಿಲ್ಲವಲ್ಲ, ಏನು ಮಾಡುವುದು?

ಒದ್ದೆಕಾಲು:
ಇದೇ ಮುಖ್ಯವಾದ ಪ್ರಶ್ನೆ. ಸಾಮಾನಿನ ಬಗ್ಗೆ ಎಲ್ಲರೂ ಕೇಳುತ್ತಾರೆ, ಇದನ್ನು ಕೇಳುವವರು ಕಡಿಮೆ.

ಸಮತಟ್ಟು ರಸ್ತೆಯಲ್ಲಿ 10ರಿಂದ 15 ಮೀಟರ್, ಒಬ್ಬರ ಹಿಂದೆ ಒಬ್ಬರು. ನೇರ ಹಿಂದೆ ಅಲ್ಲ, ಅರ್ಧ ಮೀಟರ್ ಎಡಕ್ಕೆ ಸರಿದು, ಇಲ್ಲವಾದರೆ ಮುಂದಿನವರ ಚಕ್ರದ ನೀರೆಲ್ಲ ಹಿಂದಿನವರ ಮುಖಕ್ಕೆ. ಘಾಟಿಯಲ್ಲಿ 50 ಮೀಟರ್‌ಗೆ ಕಡಿಮೆ ಬೇಡ. ಮುಂದಿನವರು ಬಿದ್ದರೆ ಹಿಂದಿನವರಿಗೆ ನಿಲ್ಲಲು ಜಾಗ ಇರಬೇಕು. ವಿ-ಬ್ರೇಕ್ ಸೈಕಲ್ ಮುಂದೆ ಇರಲಿ, ಡಿಸ್ಕ್ ಹಿಂದೆ. ನಿಲ್ಲುವುದಕ್ಕೆ ಹೆಚ್ಚು ದೂರ ಬೇಕಾದವರು ಮುಂದೆ ಇದ್ದರೆ ಒಬ್ಬರ ಮೇಲೊಬ್ಬರು ಹಾಯುವುದಿಲ್ಲ, ವೇಗವನ್ನೂ ಅವರೇ ನಿರ್ಧರಿಸುತ್ತಾರೆ.

ಸದ್ದಿಗೆ ಸೀಟಿ. ಇಬ್ಬರ ಕೊರಳಲ್ಲೂ ಒಂದೊಂದು. ಒಂದು ಊದು: ನಿಧಾನ. ಎರಡು: ಮುಂದೆ ಸಿಗುವ ಸುರಕ್ಷಿತ ಜಾಗದಲ್ಲಿ ನಿಲ್ಲು. ಮೂರು: ಈಗಲೇ ನಿಲ್ಲು. ಘಾಟಿಯ ತಿರುವು 14 ಅಂತ ಲೆಕ್ಕ. ಮೂರು ನಾಲ್ಕು ತಿರುವಿಗೊಮ್ಮೆ ನಿಂತು ಸೇರಿಕೊಳ್ಳುವುದು ಅಂತ ಮೊದಲೇ ಮಾತಾಡಿಕೊಳ್ಳಿ. ನಿಲ್ಲುವುದು ತಿರುವಿನಲ್ಲಲ್ಲ, ದಾಟಿದ ಮೇಲೆ ಮೇಲಿಂದ ಬರುವ ಬಸ್ಸಿಗೆ ಕಾಣುವ ಜಾಗದಲ್ಲಿ. ಧರೆಯ ಬುಡದಲ್ಲೂ ಬೇಡ.

ಹಿಂದಿನ ದೀಪ: ಹಿಂದೆ ಇರುವವರದ್ದು ಪೂರ್ತಿ ಬೆಳಕು. ಮುಂದಿನವರದ್ದು ಮಂದ, ಮಿನುಗಬಾರದು. 10 ಮೀಟರ್ ಎದುರಿಗೆ ಮಿನುಗುವ ಕೆಂಪು ದೀಪ ಇಡೀ ದಿನ ನೋಡಿದರೆ ಕಣ್ಣು ದಣಿದು ರಸ್ತೆಯೇ ಕಾಣುವುದಿಲ್ಲ. ಮಂಜು ಇಳಿದಾಗ ಇಬ್ಬರದ್ದೂ ಸ್ಥಿರ ಬೆಳಕಿಗೆ ಬದಲಾಯಿಸಿ, ಮಿನುಗುವ ದೀಪ ಎಷ್ಟು ದೂರದಲ್ಲಿದೆ ಅಂತ ಹಿಂದಿನ ಚಾಲಕರಿಗೆ ಅಂದಾಜು ಸಿಗುವುದಿಲ್ಲ.

ಇನ್ನೊಂದು. ಚಳಿ ಹಿಡಿದವರಿಗೆ ತಮಗೆ ಚಳಿ ಹಿಡಿದಿದೆ ಎನ್ನುವುದು ತಿಳಿಯುವುದು ತಡ. 20 ಡಿಗ್ರಿಯಲ್ಲೂ ಒದ್ದೆ ಬಟ್ಟೆ, ಇಳಿಜಾರಿನ ಗಾಳಿ ಸೇರಿದರೆ ಮೈ ಶಾಖ ಇಳಿಯುತ್ತದೆ. ಪ್ರತಿ ನಿಲುಗಡೆಯಲ್ಲಿ ಒಬ್ಬರು ಇನ್ನೊಬ್ಬರಿಗೆ ಹೇಳಿ: ಹೆಬ್ಬೆರಳನ್ನು ಕಿರುಬೆರಳಿಗೆ ಮುಟ್ಟಿಸು. ಆಗದಿದ್ದರೆ, ಅಥವಾ ಮಾತು ತೊದಲಿದರೆ, ಅಲ್ಲಿಗೆ ಸವಾರಿ ನಿಲ್ಲಬೇಕು. ಒದ್ದೆ ಬಟ್ಟೆ ಬದಲಿಸಿ, ಟೊಪ್ಪಿ ಹಾಕಿಸಿ, ಬಿಸಿ ಸಿಹಿ ಚಹಾ. ಇನ್ನೊಬ್ಬರಿಗೆ ಎಷ್ಟೇ ಹುರುಪಿದ್ದರೂ ಆ ದಿನದ ನಿರ್ಧಾರ ಚಳಿ ಹಿಡಿದವರ ಮೈಯದ್ದು.

ತುಂಗೆದಡ:
ತಿನ್ನೋದನ್ನೂ ಇದರ ಜೊತೆ ಸೇರಿಸಿ. ಮಳೆಯಲ್ಲಿ ಬಾಯಾರಿಕೆ ಆಗಲ್ಲ, ಚೀಲ ಬಿಚ್ಚೋಕೆ ಬೇಜಾರು, ಹಾಗಾಗಿ ಇಬ್ಬರೂ ತಿನ್ನದೇ ಇರ್ತಾರೆ. ಗಂಟೆಗೆ ಅರ್ಧ ಲೀಟರ್ ನೀರು, ಒಂದು ಬಾಳೆಹಣ್ಣು, ಒಂದೆರಡು ಕಡಲೆ ಚಿಕ್ಕಿ. ಚಿಕ್ಕಿಯ ಪ್ಲಾಸ್ಟಿಕ್ ಒದ್ದೆ ಕೈಯಲ್ಲಿ ಹರಿಯಲ್ಲ, ಬೆಳಿಗ್ಗೆಯೇ ಬಿಚ್ಚಿ ಮುಚ್ಚಳದ ಡಬ್ಬಿಗೆ ಹಾಕಿ ಹ್ಯಾಂಡಲ್ ಚೀಲದಲ್ಲಿಡಿ. ಘಾಟಿಯ ಕಟ್ಟೆ ಮೇಲೆ ಮಂಗಗಳಿರುತ್ತವೆ, ಅಲ್ಲಿ ಡಬ್ಬಿ ತೆಗೀಬೇಡಿ.

ಹಳ್ಳ ರಸ್ತೆ ಮೇಲೆ ಹರಿಯುತ್ತಿದ್ದರೆ: ನೀರು ಕೆಂಪಗಿದ್ದು ಡಾಂಬರು ಕಾಣದಿದ್ದರೆ ದಾಟಬೇಡಿ. ರಸ್ತೆ ಅಲ್ಲೇ ಇದೆ ಅನ್ನೋದಕ್ಕೆ ಯಾವ ಖಾತ್ರಿನೂ ಇಲ್ಲ. ತಿಳಿಯಾಗಿದ್ದು ಪಾದ ಮುಳುಗುವಷ್ಟೇ ಇದ್ದರೆ ಇಳಿದು, ಸೈಕಲ್ಲನ್ನು ನೀರು ಹರಿದು ಹೋಗುವ ಬದಿಗೆ ಹಿಡಿದು, ಒಬ್ಬೊಬ್ಬರಾಗಿ. ಹಬ್ ಮುಳುಗಿದರೆ ಬೇರಿಂಗಿಗೆ ನೀರು ಹೋಗುತ್ತೆ. ಮೊಣಕಾಲು ಮುಟ್ಟುವಷ್ಟಿದ್ದರೆ ವಾಪಸ್.

ಉಂಬಳಕ್ಕೆ (ಜಿಗಣೆ) ಹೆದರಬೇಡಿ. ಸುಣ್ಣ, ಹೊಗೆಸೊಪ್ಪು ಕಲಸಿದ ನೀರಿನಲ್ಲಿ ಕಾಲುಚೀಲ ಅದ್ದಿ ಒಣಗಿಸಿಟ್ಟುಕೊಳ್ಳೋದು ನಮ್ಮ ಕಡೆ ರೂಢಿ, ಮಳೆಗೆ ಅದು ತೊಳೆದು ಹೋಗುತ್ತೆ ಅನ್ನೋದೂ ನಿಜ. ಹತ್ತಿದರೆ ಬೆಂಕಿ ತಾಗಿಸಬೇಡಿ. ಉಗುರಿನಿಂದ ಬಾಯಿಯ ಕಡೆ ಜಾರಿಸಿ ಬಿಡಿಸಿ. ರಕ್ತ ಹೆಪ್ಪುಗಟ್ಟದ ಹಾಗೆ ಅದು ಜೊಲ್ಲು ಬಿಟ್ಟಿರುತ್ತೆ, ಹಾಗಾಗಿ ಸ್ವಲ್ಪ ಹೊತ್ತು ಸುರಿಯುತ್ತೆ. ತೊಳೆದು ಒತ್ತಿ ಹಿಡಿದರೆ ಆಯ್ತು.

ಹಳೇಚೈನು:
ಎರಡು ಸೈಕಲ್ಲಿಗೂ ಬೇರೆ ಬೇರೆ ಟೈರಿನ ಅಳತೆ ಎಂದಿರಿ. ಮಳೆಯಲ್ಲಿ ಇದು ತೊಂದರೆಯೇ. ಒದ್ದೆ ರಸ್ತೆಯಲ್ಲಿ ಗಾಜಿನ ಚೂರು ಟೈರಿಗೆ ಅಂಟಿ ಉಳಿಯುತ್ತದೆ, ನೀರು ಅದನ್ನು ರಬ್ಬರಿನೊಳಗೆ ಸಲೀಸಾಗಿ ಜಾರಿಸುತ್ತದೆ, ಹೀಗಾಗಿ ಪಂಕ್ಚರ್ ಹೆಚ್ಚು. ಒದ್ದೆ ಟ್ಯೂಬಿಗೆ ಸಲ್ಯೂಷನ್ ಹಿಡಿಯುವುದೇ ಇಲ್ಲ. ಆದ್ದರಿಂದ ದಾರಿಯಲ್ಲಿ ಪ್ಯಾಚ್ ಹಾಕಬೇಡಿ, ಟ್ಯೂಬನ್ನೇ ಬದಲಿಸಿ, ರಾತ್ರಿ ಕೋಣೆಯಲ್ಲಿ ಪ್ಯಾಚ್ ಹಾಕಿ. ತಲಾ ಎರಡು ಟ್ಯೂಬು.

ತುರ್ತಿಗೆ 26 ಇಂಚಿನ ಟ್ಯೂಬನ್ನು 700ರ ಟೈರಿನೊಳಗೆ ಎಳೆದು ಕೂರಿಸಬಹುದು. 700ರದ್ದನ್ನು 26ಕ್ಕೆ ಹಾಕಿದರೆ ಮಡಿಕೆ ಬಿದ್ದು ಅಲ್ಲೇ ತೂತಾಗುತ್ತದೆ. ಆದರೆ ವಾಲ್ವ್ ನೋಡಿಕೊಳ್ಳಿ. ಕಾರಿನ ಬಗೆಯ ದಪ್ಪ ವಾಲ್ವಿಗೆ ರಿಮ್ಮಿನಲ್ಲಿ 8.5 ಮಿ.ಮೀ. ತೂತು ಬೇಕು, ತೆಳು ವಾಲ್ವಿನ ರಿಮ್ಮಿನಲ್ಲಿ ಇರುವುದು 6.5 ಮಾತ್ರ. ಹೊಸ ಟ್ಯೂಬು ಹಾಕುವ ಮೊದಲು ಟೈರಿನ ಒಳಮೈಗೆ ಬಟ್ಟೆ ಸವರಿ, ಮುಳ್ಳು ಇದ್ದಲ್ಲಿ ನೂಲು ಸಿಕ್ಕುತ್ತದೆ. ಬೆರಳು ಸವರಿ ಕುಯ್ದುಕೊಳ್ಳಬೇಡಿ. 38ರ ಟೈರಿಗೆ ಈ ಭಾರದಲ್ಲಿ ಮುಂದೆ 45, ಹಿಂದೆ 55 ಪಿಎಸ್‌ಐ ಸಾಕು. ಕಲ್ಲಿನ ಹಾಗೆ ಗಾಳಿ ತುಂಬಿದರೆ ಒದ್ದೆಯಲ್ಲಿ ಹಿಡಿತ ಹೋಗುತ್ತದೆ.

ಮಡ್‌ಗಾರ್ಡ್ ಬಗ್ಗೆ ಯಾರೂ ಹೇಳಲಿಲ್ಲ. ಜೋಡಿಯಲ್ಲಿ ಹೋಗುವಾಗ ಅದು ನಿಮಗಿಂತ ಹೆಚ್ಚಾಗಿ ಹಿಂದಿನವರಿಗೆ. ಎಣ್ಣೆಯ ಹಳೇ ಕ್ಯಾನ್ ಕತ್ತರಿಸಿ ನೆಲಕ್ಕೆ 8–10 ಸೆಂ.ಮೀ. ಉಳಿಯುವಷ್ಟು ನಾಲಿಗೆ ಮಾಡಿ, ಎರಡು ಸೈಕಲ್ಲಿಗೂ, ಹಿಂದೆಯೂ ಮುಂದೆಯೂ. ಟೈರಿಗೂ ಗಾರ್ಡಿಗೂ ನಡುವೆ ಒಂದು ಸೆಂ.ಮೀ. ಅಂತರ ಇರಲಿ, ಕಡಿಮೆಯಾದರೆ ಎಲೆ ಮಣ್ಣು ತುಂಬಿ ಚಕ್ರ ಬಿಗಿಯುತ್ತದೆ.

ಪಡುಬದಿ:
ಪ್ಯಾನಿಯರ್ ರೋಲ್-ಟಾಪ್ (ಬಾಯಿ ಸುತ್ತಿ ಮುಚ್ಚುವ ಬಗೆ) ಅಲ್ಲದಿದ್ದರೆ ಒಳಗೆ ಗೊಬ್ಬರ ಚೀಲದ ಪ್ಲಾಸ್ಟಿಕ್ ಹಾಕಿ, ಚೆನ್ನಾಗಿ ತೊಳೆದು. ಬಾಯಿ ಮೂರು ಸುತ್ತು ಮಡಚಿ ರಬ್ಬರ್. ಮೇಲೆ ಹಾಕುವ ಮಳೆಕವರಿನ ಕೆಳಗೆ ನೀರು ನಿಲ್ತದೆ, ತಗ್ಗಿನಲ್ಲಿ ಒಂದು ಸಣ್ಣ ತೂತು ಮಾಡಿ. ಇಬ್ಬರದ್ದೂ ಸೇರಿ ನಾಲ್ಕು ಚೀಲ ಉಂಟಲ್ಲ, ಒಂದರಲ್ಲಿ ಇಬ್ಬರ ಒಣ ಬಟ್ಟೆ ಮಾತ್ರ. ಅದನ್ನು ಕೋಣೆ ಸೇರುವವರೆಗೆ ಬಿಚ್ಚಬಾರದು, ಮೈ ನಡುಗಿದರೆ ಮಾತ್ರ. ಫೋನ್ ಪರದೆ ಮಳೆಯಲ್ಲಿ ಬೆರಳಿಗೆ ಓಗೊಡುವುದಿಲ್ಲ, ತಿರುವುಗಳನ್ನು ಕಾಗದದಲ್ಲಿ ಬರೆದು ಲ್ಯಾಮಿನೇಟ್ ಮಾಡಿ. ಚಾರ್ಜಿಂಗ್ ತೂತು ಒದ್ದೆ ಇದ್ದರೆ ತಂತಿ ಚುಚ್ಚಬೇಡಿ.

ಒದ್ದೆಕಾಲು:
ಆಗುಂಬೆ ಮುಟ್ಟಿದ ಮೇಲಿನ ಕೆಲಸವನ್ನು ಇಬ್ಬರೂ ಹಂಚಿಕೊಳ್ಳಿ, ಒಂದು ಗಂಟೆಯಲ್ಲಿ ಮುಗಿಯುತ್ತದೆ. ಒಬ್ಬರು ಬಟ್ಟೆ: ಹಿಂಡಿ, ಒಣ ಟವೆಲಿನಲ್ಲಿ ಸುತ್ತಿ ಮತ್ತೆ ಹಿಂಡಿ, 4 ಮೀಟರ್ ನೈಲಾನ್ ಹಗ್ಗಕ್ಕೆ ಫ್ಯಾನಿನ ಕೆಳಗೆ. ಶೂ ಇದ್ದರೆ ಪತ್ರಿಕೆ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿ. ಬಚ್ಚಲೊಲೆ ಇರುವ ಮನೆಯಾದರೆ ಉಣ್ಣೆಯದ್ದನ್ನು ದೂರದಲ್ಲಿ ಒಣಗಿಸಬಹುದು, ಜಾಕೆಟನ್ನು ಮಾತ್ರ ಬೆಂಕಿಯ ಹತ್ತಿರ ಒಯ್ಯಬೇಡಿ, ಒಳಪದರ ಸುಲಿಯುತ್ತದೆ. ಮಲಗುವಾಗ ಕಾಲುಬೆರಳ ಸಂದು ಪೂರ್ತಿ ಒಣಗಿರಬೇಕು.

ಇನ್ನೊಬ್ಬರು ಎರಡೂ ಸೈಕಲ್: ಬಕೆಟ್ ನೀರಿನಲ್ಲಿ ಮಣ್ಣು ತೊಳೆದು, ಚೈನು ಬಟ್ಟೆಯಲ್ಲಿ ಒರೆಸಿ, ಒಂದೊಂದು ರೋಲರಿಗೆ ಒಂದೊಂದೇ ಹನಿ ಮಳೆಗಾಲದ ದಪ್ಪ ಎಣ್ಣೆ. ಪೆಡಲ್ ಹಿಂದಕ್ಕೆ ತಿರುಗಿಸಿ, ಹತ್ತು ನಿಮಿಷ ಬಿಟ್ಟು ಹೊರಗಿನದ್ದೆಲ್ಲ ಒರೆಸಿ. ಹೊರಗೆ ಉಳಿದ ಎಣ್ಣೆ ಮರಳು ಹಿಡಿಯುತ್ತದೆ. ಸೀಟ್‌ಪೋಸ್ಟ್ ತೆಗೆದು ಸೈಕಲ್ ತಲೆಕೆಳಗು ಮಾಡಿ, ಕೊಳವೆಯೊಳಗಿನ ನೀರು ಬರುತ್ತದೆ.

ಜೋಡಿಗಾಲಿ:
ಬರೆದುಕೊಂಡೆವು. ಮೂರನೇ ದಿನ ಬೆಳಿಗ್ಗೆ ಆಗುಂಬೆಯಲ್ಲೇ ಎರಡೂ ಸೈಕಲ್ಲಿಗೆ ಹೊಸ ಪ್ಯಾಡು ಹಾಕಿ ಘಾಟಿ ಇಳಿಯುತ್ತೇವೆ. ಸರಿಯೇ?

ಹಳೇಚೈನು:
ಬೇಡ. ಹೊಸ ಪ್ಯಾಡು ಹಾಕಿದ ಕೂಡಲೇ ಪೂರ್ತಿ ಹಿಡಿಯುವುದಿಲ್ಲ. ಒಣ ರಸ್ತೆಯಲ್ಲಿ ಗಂಟೆಗೆ 20 ಕಿ.ಮೀ. ವೇಗದಿಂದ ನಡಿಗೆಯ ವೇಗಕ್ಕೆ ಇಪ್ಪತ್ತು ಸಲ ಇಳಿಸಿ ಪಳಗಿಸಬೇಕು, ಚಕ್ರ ಲಾಕ್ ಆಗದಂತೆ. ಹೊರಡುವ ವಾರ ಮನೆಯ ಹತ್ತಿರವೇ ಅದನ್ನು ಮಾಡಿ. ತೆಗೆದ ಪ್ಯಾಡುಗಳಲ್ಲಿ ಇನ್ನೂ ದಪ್ಪ ಇರುವ, ಈಗಾಗಲೇ ಪಳಗಿದ ಜೋಡಿಯನ್ನು ಕಾಗದದಲ್ಲಿ ಸುತ್ತಿ, ಎಣ್ಣೆ ಬಾಟಲಿಯಿಂದ ದೂರ, ಆಪತ್ಕಾಲಕ್ಕೆ ಇಟ್ಟುಕೊಳ್ಳಿ.